ಅಧ್ಯಕ್ಷರ ಭಾಷಣಕ್ಕೆ ಅತ್ತೆಯ ಗೆರೆ

ಹಳೇ ಕಂಪ್ಯೂಟರು ಕೈಕೊಟ್ಟಿದ್ದೇ ಎಲ್ಲಕ್ಕೂ ಮೂಲ. ಅದೂ ಕಂಪನಿಯ ವಾರ್ಷಿಕ ಸಭೆಯ ದಿನ ಬೆಳಿಗ್ಗೆಯೇ.

ಕಂಪನಿಯ ಧ್ವನಿಮುದ್ರಣ ವಿಭಾಗ ಅಂದರೆ ಕಿವಿಯಣ್ಣ ಒಬ್ಬನೇ. ಅಧ್ಯಕ್ಷರಿಗೆ ಜನರೆದುರು ನಿಂತರೆ ನಾಲಿಗೆ ಒಣಗುತ್ತಿತ್ತು. ಹಾಗಾಗಿ ಭಾಷಣವನ್ನು ಮೊದಲೇ ಮುದ್ರಿಸಿಕೊಂಡು, ಸಭೆಯಲ್ಲಿ ಅವರು ಗಂಭೀರವಾಗಿ ಕೂತಿರುವಾಗ ಕೇಳಿಸುವುದು ವಾಡಿಕೆ. "ಈ ಸಲ ಚೆನ್ನಾಗಿ ಬಂದ್ರೆ ನಿನ್ನ ಕೆಲಸ ಕಾಯಂ" ಅಂದಿದ್ದರು. ಪಾಪ, ಕಿವಿಯಣ್ಣ ಊಟ ನಿದ್ದೆ ಬಿಟ್ಟು, ದನಿ ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ಪರದೆಯ ಮೇಲೆ ಗೆರೆ ಎಳೆದು, ಆ ಗೆರೆಯನ್ನು ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಉಳಿಸಿಟ್ಟಿದ್ದ. ಈಗ ಹೊಸ ಕಂಪ್ಯೂಟರಿನಲ್ಲಿ ಅದನ್ನು ಭಾಷಣಕ್ಕೆ ಇಂಪೋರ್ಟ್ ಮಾಡಿ ಸೇರಿಸಿದರೆ ಮುಗಿಯಿತು, ದನಿ ಗೆರೆಯಂತೆಯೇ ಏರಿಳಿಯುತ್ತದೆ.

ಆದರೆ ಪೆನ್‌ಡ್ರೈವಿನಲ್ಲಿ ಗೆರೆಗಳು ಎರಡಿದ್ದವು. ಒಂದರ ಹೆಸರು 'ಕೊನೆಯದು', ಇನ್ನೊಂದರದು 'ನಿಜವಾಗಿ ಕೊನೆಯದು'.

ಸಭೆಗೆ ಅವಸರ ಮಾಡಲು ಬಂದ ಗುಮಾಸ್ತ ಹೆಗಲ ಮೇಲಿಂದ ಇಣುಕಿದ. "ಅಯ್ಯೋ, ಇದಕ್ಕೂ ತಲೆ ಕೆಡಿಸ್ಕೋತಾರೇನೋ? ನಿಜವಾಗಿ ಕೊನೆಯದು ಅಂತ ನೀನೇ ಬರ್ದಿದ್ದೀಯಲ್ಲ!"

"ಒಂದ್ಸಲ ಕೇಳಿ ನೋಡ್ತೀನಿ ಇರಪ್ಪ."

"ಕೇಳೋಕೆ ಅಲ್ಲಿ ಸಭೆಯೇ ಕೂತಿದೆ!" ಎಂದವನೇ ಗುಮಾಸ್ತ ತಾನೇ ಅದನ್ನು ಒತ್ತಿಬಿಟ್ಟ.

ಭಾಷಣ ಶುರುವಾಯಿತು. "ನಮ್ಮ ಮುಂದಿರುವ ಗುರಿ..." ಎಂದ ದನಿ ಥಟ್ಟನೆ ನಿಂತಿತು. ಕಿವಿಯಣ್ಣನಿಗೆ ಆಗ ಹೊಳೆಯಿತು. ಅದು ತನ್ನ ಅತ್ತೆಯ ಹಾಡಿಗೆ ಎಳೆದ ಗೆರೆ! ಅತ್ತೆ ಮನೆಯಲ್ಲಿ ಹಾಡಿ ರೆಕಾರ್ಡ್ ಮಾಡಿಸುವಾಗ, ಒಂದೊಂದು ಸಾಲು ಮುಗಿಯುವುದನ್ನೇ ಕಾದು ಪಕ್ಕದ ಮನೆಯ ನಾಯಿ ಬೊಗಳಿತ್ತು. ಅದು ಬೊಗಳಿದಲ್ಲೆಲ್ಲ ಅವನು ಸದ್ದನ್ನು ಸೊನ್ನೆಗೆ ಇಳಿಸಿದ್ದ. ಅತ್ತೆ ಸಮಾಧಾನವಾಗದೆ ಮತ್ತೆ ಮತ್ತೆ ತಿದ್ದಿಸಿದ್ದರಿಂದಲೇ ಗೆರೆಗೆ ಆ ಹೆಸರು. ಈಗ ನಾಯಿ ಬೊಗಳಿದ ಕಡೆಯೆಲ್ಲ ಅಧ್ಯಕ್ಷರ ಬಾಯಿ ಕಟ್ಟುತ್ತಿತ್ತು.

ಭಾಷಣ ಮುಗಿಯಿತೆಂದು ಸಭೆಯವರಿಗೆ ಹೋದ ಜೀವ ಬಂದಂತಾಯಿತು. ಚಪ್ಪಾಳೆ ತಟ್ಟಿಯೇ ತಟ್ಟಿದರು. ಮತ್ತೆ ದನಿ ಬಂತು, ಮತ್ತೆ ನಿಂತಿತು. ಈ ಸಲವಾದರೂ ಮುಗಿಯಿತಲ್ಲ ಎಂದು ಇನ್ನೂ ಜೋರಾಗಿ ತಟ್ಟಿದರು. ನಿಜಕ್ಕೂ ಮುಗಿದಾಗಂತೂ ಎದ್ದು ನಿಂತೇ ತಟ್ಟಿದರು.

ಬಾಗಿಲ ಕಡೆ ಮೆಲ್ಲಗೆ ಜಾರುತ್ತಿದ್ದ ಕಿವಿಯಣ್ಣನನ್ನು ಅಧ್ಯಕ್ಷರೇ ಹಿಡಿದು ನಿಲ್ಲಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಇಷ್ಟು ವರ್ಷದಲ್ಲಿ ನನ್ನ ಭಾಷಣಕ್ಕೆ ಒಬ್ರೂ ಚಪ್ಪಾಳೆ ತಟ್ಟಿರ್ಲಿಲ್ಲ ಕಣಯ್ಯಾ. ಇವತ್ತು ನೋಡು! ನನ್ನ ಭಯವೇ ಬಿಟ್ಟುಹೋಯ್ತು."

ಕಿವಿಯಣ್ಣನಿಗೆ ಸಂತೋಷ ತಡೆಯಲಾಗಲಿಲ್ಲ. "ಹಾಗಾದ್ರೆ ಸಾರ್, ನನ್ನ ಕೆಲಸ..."

"ಅದನ್ನೇ ಹೇಳೋಕೆ ಬಂದೆ. ಇನ್ಮೇಲೆ ನಾನೇ ಜನರೆದುರು ನಿಂತು ಮಾತಾಡ್ತೀನಿ. ಮುದ್ರಿಸೋ ವಿಭಾಗಾನೇ ಬೇಡ. ಎಲ್ಲಾ ನಿನ್ನ ಉಪಕಾರ!" ಎಂದು ಬೆನ್ನು ತಟ್ಟಿ ಹೊರಟೇ ಹೋದರು.

ಕಿವಿಯಣ್ಣ ಅಲ್ಲೇ ಕುರ್ಚಿಯಲ್ಲಿ ಕುಸಿದ. ಗುಮಾಸ್ತ ಪಕ್ಕಕ್ಕೆ ಬಂದು ಕೂತ.

"ಬೇಜಾರು ಮಾಡ್ಕೋಬೇಡ ಕಣೋ. ಆ ಗೆರೆ ಮಾತ್ರ ಜೋಪಾನವಾಗಿ ಇಟ್ಕೊಂಡಿರು. ಸಾಹೇಬ್ರು ಎದುರಿಗೆ ನಿಂತು ಒಂದೇ ಒಂದು ಭಾಷಣ ಮಾಡ್ಲಿ."

"ಮಾಡಿದ್ರೆ?"

"ನಿನ್ನ ಕೆಲಸ ಕಾಯಂ ಮಾಡಿ ಅಂತ ನಾವೆಲ್ಲಾ ಹೋಗಿ ಅವರ ಕಾಲು ಹಿಡೀತೀವಿ!"