ಬಡ್ತಿಯ ಶಿಫಾರಸಿನಲ್ಲಿ ನನ್ನನ್ನು ಹೊಗಳದಿರಲು ಕೋರಿ

ಇಂದ:
ಮೀಟರ್ ಓದುವವನು,
ನೀರು ಸರಬರಾಜು ಕಚೇರಿ.

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಅದೇ ಕಚೇರಿ, ಮಹಡಿಯ ಮೇಲೆ.

ವಿಷಯ: ತಮ್ಮ ಇಂಗ್ಲಿಷಿನಿಂದ ನನಗೆ ವಿನಾಯಿತಿ ನೀಡುವ ಕುರಿತು.

ಉಲ್ಲೇಖ: ತಾವು ಕೃಪೆಯಿಟ್ಟು ಬರೆದುಕೊಟ್ಟ ಗುಣನಡತೆ ಪತ್ರ, ಮತ್ತು ತದನಂತರದ ಸ್ಪಷ್ಟೀಕರಣ.

ಮಾನ್ಯರೇ,

೧. ನಾವಿದ್ದ ಮನೆಯ ಛಾವಣಿ ಬಿರುಕು ಬಿಟ್ಟ ಕಾರಣ, ನಾನು ಬೇರೆ ಮನೆ ಹುಡುಕಿದ್ದು ಸರಿಯಷ್ಟೆ. ಸಿಕ್ಕ ಮನೆಯ ಒಡತಿ ನಿವೃತ್ತ ಟೀಚರಮ್ಮ. "ನಿಮ್ಮ ಸಾಹೇಬ್ರಿಂದ ಒಂದು ಪತ್ರ ತಗೊಂಡು ಬಾ" ಎಂದರು. ತಾವು ಸಂತೋಷದಿಂದ ಬರೆದಿರಿ. ನಾನು ಸಂತೋಷದಿಂದ ಒಯ್ದೆ. ಅಲ್ಲಿಗೆ ಸಂತೋಷ ಮುಗಿಯಿತು.

೨. ಟೀಚರಮ್ಮ ದಿಂಬಿನಷ್ಟು ದಪ್ಪದ ನಿಘಂಟು ತೆಗೆದು, ಕನ್ನಡಕ ಏರಿಸಿ ಕೇಳಿದರು:

"ಏನಪ್ಪಾ, ನೀನು ಫಿಲೋಪ್ರೊಜೆನಿಟಿವ್ ಅಂತೆ. ಎಷ್ಟು ಮಕ್ಕಳು?"

"ಒಬ್ಬಳೇ ಮಗಳು, ಟೀಚರ್."

"ಇಲ್ಲಿ ನೋಡಿದ್ರೆ ಸಾಲಾಗಿ ಹುಟ್ಟಿಸೋನು ಅಂತಿದೆ!"

ಮಕ್ಕಳೆಂದರೆ ಪ್ರೀತಿ ಎಂಬ ಅರ್ಥದಲ್ಲಿ ತಾವು ಬರೆದಿರಬಹುದು. ಟೀಚರಮ್ಮನ ಕಣ್ಣಿಗೆ ಇನ್ನೊಂದು ಅರ್ಥವೇ ಮೊದಲು ಬಿತ್ತು.

ಮುಂದಿನದು ಅಕ್ಸೋರಿಯಸ್. "ಹೆಂಡತಿಯ ಮೇಲೆ ಅತಿಯಾದ ವ್ಯಾಮೋಹ ಇರೋನು" ಎಂದು ಓದಿದರು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಅದೊಂದು ಶುದ್ಧ ಸುಳ್ಳು, ಟೀಚರ್" ಎಂದಳು.

೩. ರಾತ್ರಿಯೂ ಪೈಪು ಸೋರಿಕೆ ಹುಡುಕುವ ನನ್ನ ನಿಷ್ಠೆಯನ್ನು ತಾವು ನಾಕ್ಟಿವೇಗಂಟ್ ಎಂದು ಮೆಚ್ಚಿದ್ದಿರಿ. ಸದರಿ ಪದಕ್ಕೆ ರಾತ್ರಿ ಹೊತ್ತು ಅಲೆಯುವವನು ಎಂದರ್ಥ. ಟೀಚರಮ್ಮ ಪತ್ರ ಮಡಚಿ ವಾಪಸು ಕೊಟ್ಟರು. "ನಮ್ಮ ಗೇಟು ಒಂಬತ್ತಕ್ಕೇ ಹಾಕ್ತೀವಪ್ಪ."

೪. ಆದ್ದರಿಂದ ನಾವು ಮೂವರೂ ಭಾವಮೈದುನನ ಹೊಲಿಗೆ ಅಂಗಡಿಯ ಅಟ್ಟ ಸೇರಿದೆವು. ಕೆಳಗೆ ಮಿಷನ್ನು ಕಟಕಟ ಎಂದರೆ ಮಗಳ ಪುಸ್ತಕದಲ್ಲಿ ಅಕ್ಷರ ಕುಣಿಯುತ್ತಿತ್ತು. "ಸಾಹೇಬ್ರು ಹೊಗಳಿದ್ದಕ್ಕೆ ಈ ಗತಿ. ಬೈದಿದ್ರೆ ಅರಮನೆ ಸಿಗ್ತಿತ್ತೇನೋ" ಎಂದು ಹೆಂಡತಿ ಅತ್ತಳು. ನನಗೂ ಅಳು ಬಂತು. ಆದರೆ ಅದಕ್ಕೂ ತಮ್ಮಲ್ಲಿ ಪದವಿದ್ದೀತೆಂದು ಹೆದರಿ ನುಂಗಿಕೊಂಡೆ.

೫. ತಮ್ಮಲ್ಲಿ ದೂರಿಕೊಂಡಾಗ, "ಜನಕ್ಕೆ ಭಾಷೆ ಬರಲ್ಲ ಕಣಯ್ಯಾ" ಎಂದು ಮರುಗಿ ಸ್ಪಷ್ಟೀಕರಣ ಬರೆದಿರಿ. ಅದರಲ್ಲಿದ್ದುದು ಒಂದೇ ಪದ: ಆನರಿಫಿಕ್ಯಾಬಿಲಿಟ್ಯುಡಿನಿಟಾಟಿಬಸ್.

ಟೀಚರಮ್ಮ ಅದನ್ನು ಓದಲು ಹೊರಟು, ನಡುವೆ ಉಸಿರು ಸಾಲದೆ ಕುರ್ಚಿಯಲ್ಲಿ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಮರ್ಯಾದಸ್ಥ ಅನ್ನೋದಕ್ಕೆ ಇಷ್ಟುದ್ದದ ರೈಲೇ! ಇವರ ಕೈಕೆಳಗೆ ಎಷ್ಟು ವರ್ಷದಿಂದ ಇದ್ದೀಯೋ?"

"ಹನ್ನೊಂದು, ಟೀಚರ್."

"ಸಾಮಾನು ತಗೊಂಡು ಬಾ. ಇವರ ಹತ್ರ ಬಾಳಿದೋನು ನನ್ನ ಜೊತೆ ಬಾಳದೆ ಇರ್ತೀಯಾ?"

೬. ಹೀಗಾಗಿ ಮನೆ ಸಿಕ್ಕಿದೆ. ಆದರೆ ನನ್ನ ಬಡ್ತಿಗೆ ತಾವೇ ಸ್ವಹಸ್ತದಿಂದ ಶಿಫಾರಸು ಬರೆಯುವಿರೆಂದು ತಿಳಿದು ಊಟ ಸೇರುತ್ತಿಲ್ಲ. ಕಳೆದ ಸಲ ತಾವು ಹೊಗಳಿದ ಪಂಪ್ ಆಪರೇಟರನ್ನು, ತಾವು ಬಳಸಿದ ಪದ ಕಾಯಿಲೆಯ ಹೆಸರೆಂದು ಭಾವಿಸಿ, ಮೇಲಿನ ಕಚೇರಿಯವರು ವೈದ್ಯಕೀಯ ತಪಾಸಣೆಗೆ ಕಳಿಸಿದರು. ಅವರು ಟೀಚರಮ್ಮನಂತೆ ನಗುವವರಲ್ಲ.

ಕಾರಣ, ನನ್ನ ಬಗ್ಗೆ "ಪರವಾಗಿಲ್ಲ" ಎಂದಷ್ಟೇ ಬರೆಯಬೇಕಾಗಿ ಬೇಡುತ್ತೇನೆ.

ಹೊಗಳಿಕೆಗೆ ಹೆದರಿದ,
ತಮ್ಮ ವಿಶ್ವಾಸಿ

ಲಗತ್ತುಗಳು:
ಅ) ಟೀಚರಮ್ಮ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಗುಣನಡತೆ ಪತ್ರ.
ಆ) ಸ್ಪಷ್ಟೀಕರಣದ ನಕಲು. ಮೂಲವನ್ನು ಟೀಚರಮ್ಮ ಕೊಡಲೊಪ್ಪುತ್ತಿಲ್ಲ, ಬೇಜಾರಾದಾಗ ಓದಿಕೊಳ್ಳುತ್ತಾರಂತೆ.

ವಿ.ಸೂ.: ಈ ಅರ್ಜಿಗೆ ಲಿಖಿತ ಉತ್ತರದ ಅಗತ್ಯವಿಲ್ಲ. ಮೆಟ್ಟಿಲ ಬಳಿ ಎದುರಾದಾಗ ತಾವು ತಲೆಯಾಡಿಸಿದರೆ ಸಾಕು.