ಇಳಿದರು ಅಂತ ಹೇಳುವ ಫೋನು

ನಮ್ಮ ಸೆಕ್ರೆಟರಿಯವರ ಕೈಗೆ ಏನು ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಬಿಸ್ಕೆಟ್ ಪೊಟ್ಟಣ, ಮಾತ್ರೆ ಡಬ್ಬಿ, ಒಂದು ಸಲ ನನ್ನ ಲ್ಯಾಪ್‌ಟಾಪ್ ಕೂಡ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ತೆಂಗಿನಕಾಯನ್ನು ಹೀಗೇ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ, ಇನ್ನೂ ನೀರಿದೆಯೋ ಎಂದು ಹೇಳುವುದು ಅವರ ಜೀವಮಾನದ ಕೆಲಸ. ನಾವು ಮೊದಲ ಸಲ ಆ್ಯಪ್ ಹಾಕಿಕೊಟ್ಟ ಫೋನನ್ನೂ ಅಲ್ಲಾಡಿಸಿದರು. ಆಮೇಲೆ ಗಂಭೀರವಾಗಿ ನಮ್ಮ ಟೀಮ್ ಲೀಡ್ ಕೈಗೆ ವಾಪಸ್ ಕೊಟ್ಟು, "ಇನ್ನೂ ನೀರೈತೆ ಕಣಪ್ಪ" ಅಂದರು. ಲೀಡ್ ನಕ್ಕರು. ಎರಡು ನಿಮಿಷಕ್ಕೆ ಆ್ಯಪ್ ನಿಂತುಹೋಯಿತು.

ಇಂಥವು ನಮ್ಮ ಆಫೀಸಿನಲ್ಲಿ ವಾರಕ್ಕೆ ಎರಡಾದರೂ ಆಗುತ್ತವೆ. ನಾನು ನೋಡಿಕೊಂಡು ಸುಮ್ಮನಿರುತ್ತೇನೆ. ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಹೇಳಲೋ ಕನ್ನಡದಲ್ಲಿ ಹೇಳಲೋ ಎಂದು ಯೋಚಿಸುವಷ್ಟರಲ್ಲಿ ಸಭೆ ಮುಗಿದು ಎಲ್ಲರೂ ಕಾಫಿಗೆ ಎದ್ದಿರುತ್ತಾರೆ.

ಆಫೀಸು ಅಂದರೆ ತಿಪಟೂರಿನಲ್ಲಿ ತೆಂಗು ಬೆಳೆಗಾರರ ಸಂಘವೊಂದರ ಗೋಡೌನಿನ ಮಹಡಿ. ಕಾಯಿ ಕೆಡವಲು ಮರ ಹತ್ತುವವರನ್ನು ಫೋನಿನಲ್ಲೇ ಗೊತ್ತುಮಾಡಿಕೊಳ್ಳುವ ಆ್ಯಪ್ ನಮ್ಮದು. ಲೀಡ್ ಹಿಂದಿನ ಕಂಪನಿಯಿಂದ ಅಜೈಲ್ ಪದ್ಧತಿ ತಂದರು. ಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು, ಎರಡು ವಾರಕ್ಕೆ ಆಗುವಷ್ಟನ್ನೇ ಕೈಗೆ ತೆಗೆದುಕೊಂಡು ಮುಗಿಸಿ ತೋರಿಸುವುದು. ಯಾವುದು ಮೊದಲು ಎಂದು ಹೇಳುವವರು ಪ್ರಾಡಕ್ಟ್ ಓನರ್. ಆ ಪಟ್ಟ ಸಂಘದ ಸೆಕ್ರೆಟರಿಯವರಿಗೆ ಬಂತು.

ಗೋಡೆಯ ಮೇಲಿನ ಇಪ್ಪತ್ತಮೂರು ಚೀಟಿಗಳಲ್ಲಿ ಒಂದು ಮಾತ್ರ ಬೇರೆ ಥರ. ದಂಡಿನಶಿವರದ ಕಡೆ ಮರ ಹತ್ತುವ ಒಬ್ಬರಿದ್ದಾರೆ, ನಾವೆಲ್ಲ ಅಣ್ಣ ಅನ್ನುತ್ತೇವೆ. ಹೋದ ವರ್ಷ ಅವರು ಒಂಟಿ ತೋಟದಲ್ಲಿ ಮರದಿಂದ ಬಿದ್ದರು. ಮಧ್ಯಾಹ್ನ ಬಿದ್ದವರನ್ನು ಸಾಯಂಕಾಲ ದನ ಹೊಡೆದುಕೊಂಡು ಬಂದವರು ನೋಡಿದ್ದು. ಕಾಲು ಕೂಡಿಕೊಂಡಿತು, ಅವರು ಮತ್ತೆ ಹತ್ತತೊಡಗಿದರು. ಆದರೆ ಅವರ ಹೆಂಡತಿ ಖಂಡಿತವಾಗಿ ಹೇಳಿಬಿಟ್ಟಿದ್ದರು: ಹತ್ತಿದ್ದು, ಇಳಿದಿದ್ದು ಆಗಿಂದಾಗ್ಗೆ ನನಗೆ ಗೊತ್ತಾಗಬೇಕು, ದೀಪಾವಳಿವರೆಗೆ ನೋಡ್ತೀನಿ, ಇಲ್ಲದಿದ್ದರೆ ಮರದ ಕೆಲಸ ಬುಡು. ಅಣ್ಣನಿಗೆ ಮರ ಬಿಟ್ಟರೆ ಬೇರೆ ಕೆಲಸ ಬಾರದು. ಆ್ಯಪ್‌ನಲ್ಲೇ ಅದನ್ನು ಮಾಡಿಸಿಕೊಡ್ತೀನಿ ಎಂದು ಸೆಕ್ರೆಟರಿಯವರು ಮಾತು ಕೊಟ್ಟಿದ್ದರು. ಆ ಮಾತೇ ಈ ಚೀಟಿ.

ನಿಂತು ಮಾತಾಡುವ ಸಭೆ

ಬೆಳಗ್ಗೆ ಒಂಬತ್ತಕ್ಕೆ ಎಲ್ಲರೂ ನಿಂತುಕೊಂಡೇ ಹದಿನೈದು ನಿಮಿಷ ಮಾತಾಡಬೇಕು. ಕೂತರೆ ಮಾತು ಬೆಳೆಯುತ್ತದೆ ಎಂಬುದು ನಿಯಮದ ಗುಟ್ಟು.

ಸೆಕ್ರೆಟರಿಯವರು ಮೊದಲ ದಿನ ಬಾಗಿಲಲ್ಲೇ ತಡೆದು ನಿಂತರು. "ಯಾಕ್ರಪ್ಪ ಎಲ್ಲಾ ನಿಂತಿದೀರಾ? ಯಾರಿಗೇನಾಯ್ತು?"

"ಏನಿಲ್ಲ ಸರ್, ಮೀಟಿಂಗು," ಎಂದರು ಲೀಡ್.

"ನಿಂತ್ಕೊಂಡು ಮಾತಾಡೋದು ಸಾವಿನ ಮನೆ ಮುಂದೆ ಕಣಪ್ಪ. ಕೂತ್ಕಳಿ, ಕೂತ್ಕಳಿ." ಕೆಳಗಿನಿಂದ ಕುರ್ಚಿ ತರಿಸಿದರು. ಕುರ್ಚಿಯ ಹಿಂದೆ ಕಾಫಿ ಬಂತು, ಕಾಫಿಯ ಹಿಂದೆ ಕೊಬ್ಬರಿ ರೇಟು ಬಂತು. ಸಭೆ ಮುಗಿದಾಗ ಹತ್ತೂಮುಕ್ಕಾಲು.

ಒಂದು ದಿನ ಲೀಡ್, ನಿಜವಾಗಿ ಆ್ಯಪ್ ಬಳಸುವವರೂ ಸಭೆಗೆ ಬರಲಿ ಎಂದು ಅಣ್ಣನನ್ನು ಕರೆಸಿದರು. ಅಣ್ಣ ಕುರ್ಚಿ ಬೇಡವೆಂದರು, ಕತ್ತಿ ಸೊಂಟದಲ್ಲೇ ಇತ್ತು. ಲೀಡ್ ಮೂರು ಪ್ರಶ್ನೆ ಕೇಳಿದರು: ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡ್ತೀರಿ, ಕೆಲಸಕ್ಕೆ ಏನಾದರೂ ಅಡ್ಡಿ ಇದೆಯಾ?

"ನೆನ್ನೆ ನಲವತ್ತು ಮರ ಹತ್ತಿದ್ದೆ ಸಾ. ಇವತ್ತೂ ನಲವತ್ತೈತೆ." ಅಣ್ಣ ಕಿಟಕಿಯಾಚೆ ಬಿಸಿಲು ನೋಡಿದರು. "ಅಡ್ಡಿ ಅಂದ್ರೆ, ಬೇಜಾರ್ ಮಾಡ್ಕಬೇಡಿ, ನೀವೇಯ."

ನಮ್ಮ ಆಫೀಸಿನ ಇತಿಹಾಸದಲ್ಲಿ ನಿಯಮದ ಪ್ರಕಾರ ನಡೆದದ್ದು ಆ ಒಂದು ಉತ್ತರವೇ.

ಯಾಕೆಂದರೆ

ಚೀಟಿ ಬರೆಯಲು ಒಂದು ಕ್ರಮ ಇದೆ. ನಾನು ಇಂಥವರು, ನನಗೆ ಇಂಥದ್ದು ಬೇಕು, ಯಾಕೆಂದರೆ... ಹೀಗೆ ಮೂರು ಖಾಲಿ ಜಾಗ. ಮೂರನ್ನೂ ತುಂಬದ ಚೀಟಿಯನ್ನು ಲೀಡ್ ಗೋಡೆಗೆ ಅಂಟಿಸಲು ಬಿಡುವುದಿಲ್ಲ.

ಅಣ್ಣನ ಹೆಂಡತಿಯ ಹತ್ತಿರ ಕೇಳಿ ತುಂಬಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ನಾನೇ ಯಾಕೆ ಎಂದರೆ ಆಫೀಸಿನ ಮೂವರಲ್ಲಿ ಹೆಂಗಸು ನಾನೊಬ್ಬಳೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋದೆ.

ಅಣ್ಣನ ಹೆಂಡತಿ ನಮಗೆಲ್ಲ ಅಕ್ಕ; ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಚೀಟಿ ಹಿಡಿದು ಓದಿದೆ, "ಬಳಕೆದಾರರಾಗಿ ನೀವು..."

"ಯಾರು ಬಳಕೆದಾರ್ರು?"

"ನೀವೇ ಅಕ್ಕಾ."

"ನಾನೇನು ಬಳಸ್ತೀನವ್ವ? ಕಾಯ್ತೀನಿ ಅಷ್ಟೆ."

ಹಾಗೇ ಬರೆದುಕೊಂಡೆ: ನಾನು ಕಾಯುವವಳು. ಎರಡನೆಯದು ಸಲೀಸಾಗಿ ತುಂಬಿತು: ಅವರು ಹತ್ತಿದ್ದು, ಇಳಿದಿದ್ದು ಗೊತ್ತಾಗಬೇಕು. ಮೂರನೆಯದು ಉಳಿಯಿತು. "ಯಾಕೆಂದರೆ?" ಎಂದು ಕೇಳಿದೆ.

ಅಕ್ಕ ಅವರೆಕಾಯಿ ಬಿಟ್ಟು ನನ್ನ ಮುಖ ನೋಡಿದರು. "ನಿಂಗೆ ಮದ್ವೆ ಆಗೈತೇನವ್ವ?"

"ಇಲ್ಲ."

"ಹಂಗಾದ್ರೆ ಖಾಲಿ ಬುಡು."

ಲೀಡ್‌ಗೆ ಇದನ್ನು ಹೇಗೆ ವಿವರಿಸುವುದೋ ತಿಳಿಯಲಿಲ್ಲ. ಕೊನೆಗೆ ಖಾಲಿ ಜಾಗದಲ್ಲಿ "ನೋಡಿ" ಎಂದು ಬರೆದು ಮೊದಲನೆಯ ಸಾಲಿಗೆ ಒಂದು ಬಾಣದ ಗುರುತು ಹಾಕಿದೆ. ಅವರಿಗೂ ಮದುವೆ ಆಗಿಲ್ಲ. ಒಪ್ಪಿಕೊಂಡರು.

ಮೊದಲ ಪಂಕ್ತಿ

ಈ ಎರಡು ವಾರಕ್ಕೆ ಯಾವ ಚೀಟಿ ಎಂದು ಲೀಡ್ ಕೇಳಿದಾಗ ಸೆಕ್ರೆಟರಿಯವರು ಇಪ್ಪತ್ತಮೂರನ್ನೂ ಮೊದಲ ಸಾಲಿಗೇ ಅಂಟಿಸಿದರು.

"ಸರ್, ಐದೇ ಆಗೋದು."

"ಯಾರನ್ನ ಬಿಡಾನ ಹೇಳು? ಬೇಜಾರಾಯ್ತದೆ."

ಲೀಡ್ ಒಂದು ಉಪಾಯ ಮಾಡಿದರು. "ಮದುವೆ ಊಟ ಅನ್ಕೊಳಿ ಸರ್. ಎಲೆ ಐದೇ ಇದಾವೆ. ಮೊದಲ ಪಂಕ್ತಿಗೆ ಯಾರು?"

ಅದು ಅವರಿಗೆ ತಟಕ್ಕನೆ ಹಿಡಿಯಿತು. ಮಂಡಿ ವರ್ತಕರಿಗೆ ಬೇಕಾದ ಚೀಟಿ ಮೊದಲ ಪಂಕ್ತಿಗೆ, ಬ್ಯಾಂಕಿನವರು ಕೇಳಿದ್ದು ಮೊದಲ ಪಂಕ್ತಿಗೆ, ಅಮ್ಮಸಂದ್ರದ ಬೆಳೆಗಾರರದ್ದು ಮೊದಲ ಪಂಕ್ತಿಗೆ. ಅಕ್ಕನ ಚೀಟಿ ಕೈಗೆ ಬಂದಾಗ ಪ್ರೀತಿಯಿಂದ ಓದಿ, ಗೋಡೆಯ ತೀರಾ ಕೆಳಗೆ, ಸ್ವಿಚ್‌ಬೋರ್ಡಿನ ಪಕ್ಕ ಅಂಟಿಸಿದರು.

"ಸರ್, ನೀವು ಮಾತು ಕೊಟ್ಟಿದ್ದು ಅದಕ್ಕೇ ಅಲ್ವಾ?" ಲೀಡ್ ಕೇಳಿದರು.

"ಹೂಂ ಕಣಪ್ಪ. ಅವ್ಳು ನಮ್ಮೋಳು. ಮನೇರು ಯಾವಾಗ್ಲಾದ್ರೂ ಮೊದಲ ಪಂಕ್ತೀಲಿ ಕೂರ್ತಾರಾ? ನಂಟರು ಉಂಡೇಳಲಿ."

ಹಾಗೆ ಮೂರು ಸಲ ನಂಟರು ಉಂಡೆದ್ದರು. ಆರು ವಾರ. ಪ್ರತಿ ಸಲವೂ ಹೊಸ ನಂಟರು ಬರುತ್ತಿದ್ದರು. ದೀಪಾವಳಿ ಹತ್ತಿರ ಬರುತ್ತಿತ್ತು. ಅಣ್ಣ ಗೋಡೌನಿಗೆ ಬಂದಾಗಲೆಲ್ಲ ಮೆಟ್ಟಿಲ ಬುಡದಲ್ಲಿ ನಿಂತು, "ನಮ್ದು ಎಲ್ಲಿಗೆ ಬಂತು ಸಾ?" ಎಂದು ಕೂಗಿ ಕೇಳುತ್ತಿದ್ದರು. "ಇನ್ನೇನು, ಆಯ್ತಲ್ಲ," ಎಂದು ಸೆಕ್ರೆಟರಿಯವರು ಮೇಲಿನಿಂದ ಕೂಗುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಎಲೆ ಹಾಕುವ ಹೊತ್ತು ಬಂದೇ ಬರುತ್ತದೆ ಎಂದು ನಿಜವಾಗಿ ನಂಬಿದ್ದರು.

ಸಭೆಯಲ್ಲಿ ಏನಾದರೂ ಹೇಳಬೇಕು ಎಂದು ನಾಲ್ಕನೆಯ ಸಲ ತಯಾರಾಗಿ ಹೋದೆ. ಇಂಗ್ಲಿಷೋ ಕನ್ನಡವೋ ಎನ್ನುವಷ್ಟರಲ್ಲಿ ಕಾಫಿ ಬಂತು. ಆ ಸಾಯಂಕಾಲ ಎಲ್ಲರೂ ಹೋದ ಮೇಲೆ ಸ್ವಿಚ್‌ಬೋರ್ಡಿನ ಪಕ್ಕದಿಂದ ಚೀಟಿ ಕಿತ್ತು, ಗೋಡೆಯ ಬಲಗಡೆ "ಮಾಡ್ತಿರೋದು" ಎಂಬ ಸಾಲಿಗೆ ಅಂಟಿಸಿದೆ. ಬಸ್‌ಸ್ಟ್ಯಾಂಡಿನವರೆಗೆ ಹಿಂದಿರುಗಿ ನೋಡದೆ ನಡೆದೆ.

ಬೆಳಗ್ಗೆ ಸೆಕ್ರೆಟರಿಯವರು ಗೋಡೆಯ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದರು. "ಇದನ್ನ ಯಾರು ಇಲ್ಲಿ ಹಾಕಿದ್ದು?"

ಲೀಡ್ ತಲೆ ಅಲ್ಲಾಡಿಸಿದರು. ನಾನು ಕೀಬೋರ್ಡ್ ನೋಡಿದೆ. "ಫ್ಯಾನ್ ಗಾಳಿಗೆ ಬಂದಿರಬೇಕು ಸರ್," ಎಂದರು ಲೀಡ್.

"ಬಲಗಡೆಗೆ ಬಂದೈತೆ," ಎಂದರು ಸೆಕ್ರೆಟರಿಯವರು ಮೆಲ್ಲಗೆ, ದೇವರ ಬಲಭುಜದಿಂದ ಹೂವು ಜಾರಿದ್ದನ್ನು ಕಂಡವರ ಹಾಗೆ. "ಅಪ್ಪಣೆ ಆಗೈತೆ ಕಣಪ್ಪ. ಬೇರೆ ಎಲ್ಲಾ ನಿಲ್ಸು."

ಅಜೈಲ್ ಪುಸ್ತಕದಲ್ಲಿ ಈ ವಿಧಾನ ಇಲ್ಲ. ಆದರೆ ಎರಡು ವಾರದಲ್ಲಿ ಕೆಲಸ ಮುಗಿಯಿತು.

ಹೂಂ ಕಣವ್ವ

ಅಕ್ಕನಿಗೆ ಮೆಸೇಜ್ ಓದುವಷ್ಟು ವ್ಯವಧಾನ ಇಲ್ಲ. ಆದ್ದರಿಂದ ಅಣ್ಣ ಗುಂಡಿ ಒತ್ತಿದ ಕೂಡಲೇ ಅವರಿಗೆ ಕರೆ ಹೋಗಬೇಕು, ಒಂದು ದನಿ ಹೇಳಬೇಕು: "ಹತ್ತಿದರು." ಆಮೇಲೆ, "ಇಳಿದರು." ಆ ದನಿ ರೆಕಾರ್ಡ್ ಮಾಡಲು ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ಪದ ತಾನೇ ಎಂದು ಒಪ್ಪಿಕೊಂಡೆ.

ಪರೀಕ್ಷೆಯ ದಿನ ಅಣ್ಣ ಸೆಕ್ರೆಟರಿಯವರ ತೋಟದಲ್ಲಿ, ಸೆಕ್ರೆಟರಿಯವರು ಅವರ ಜೊತೆ. ನಾನು, ಲೀಡ್ ಅಕ್ಕನ ಜಗಲಿಯ ಮೇಲೆ. ತೋಟ ಅಲ್ಲಿಂದ ಕೂಗಳತೆ ದೂರ.

ಫೋನು ಬಡಿಯಿತು. "ಹತ್ತಿದರು," ಎಂದಿತು ನನ್ನ ದನಿ. ಅಕ್ಕ, "ಹೂಂ ಕಣವ್ವ," ಎಂದರು. ಐದು ನಿಮಿಷಕ್ಕೆ ಮತ್ತೆ. "ಇಳಿದರು." "ಹೂಂ ಕಣವ್ವ." ಪ್ರತಿ ಮರಕ್ಕೂ ಎರಡು ಸಲ. ಹತ್ತು ಮರ ಆಗುವಷ್ಟರಲ್ಲಿ ಲೀಡ್ ಬರೆದುಕೊಳ್ಳಲು ತಮ್ಮ ಟಿಪ್ಪಣಿ ಪುಸ್ತಕ ತೆಗೆದರು. "ಅಕ್ಕಾ, ಇದು ಜಾಸ್ತಿ ಆಯ್ತು. ದಿನಕ್ಕೆ ಒಂದೇ ಸಲ, ಕೊನೇಲಿ ಬರೋ ಹಾಗೆ ಮಾಡ್ಲಾ?"

"ಬ್ಯಾಡ. ಇರ್ಲಿ," ಎಂದರು ಅಕ್ಕ. ರಾಗಿ ಕೇರುತ್ತಾ ಹೂಂಗುಟ್ಟುತ್ತಲೇ ಇದ್ದರು.

ಹನ್ನೊಂದನೆಯ ಮರಕ್ಕೆ "ಹತ್ತಿದರು" ಬಂತು. ಐದು ನಿಮಿಷ ಆಯಿತು, ಹತ್ತಾಯಿತು. ಮೊರ ನಿಂತಿತು. ಅಕ್ಕ ತಾವೇ ಫೋನ್ ಮಾಡಿದರು, ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಲೀಡ್ ಬಾಯಿ ತೆರೆಯುವ ಮೊದಲೇ ಅಕ್ಕ ಮತ್ತೆ ಮತ್ತೆ ಫೋನ್ ಮಾಡುತ್ತಲೇ ಅಂಗಳ ದಾಟಿದ್ದರು. ನಾವು ಹಿಂದೆ ಓಡಿದೆವು.

ತೋಟದಲ್ಲಿ ಯಾರೂ ಕಾಣಲಿಲ್ಲ. ಫೋನಿನ ರಿಂಗು ಮಾತ್ರ ಕೇಳುತ್ತಿತ್ತು, ತಲೆಯ ಮೇಲಿನಿಂದ. ಎಲ್ಲರೂ ಕತ್ತೆತ್ತಿದೆವು. ಮರದ ತುದಿಯಲ್ಲಿ, ಮಟ್ಟೆಯ ಸಂದಿನಲ್ಲಿ ಬೆಳಕು ಮಿನುಗುತ್ತಿತ್ತು. ಅಲ್ಲಿ ಮನುಷ್ಯರಿರಲಿಲ್ಲ. ಅಕ್ಕ ಕತ್ತು ಇಳಿಸಲಿಲ್ಲ. ಬುಡದ ಕಡೆ ನೋಡಲು ಅವರಿಗೆ ಧೈರ್ಯವಿಲ್ಲ ಎಂದು ನನಗೆ ಅರ್ಥವಾಯಿತು. ಅವರ ಬದಲು ನಾನು ನೋಡಿದೆ. ಕೆಡವಿದ ಗೊನೆ ಇತ್ತು, ಅಷ್ಟೆ.

ಪಂಪ್‌ಹೌಸಿನ ಹಿಂದಿನಿಂದ ಅಣ್ಣ ಓಡಿ ಬಂದರು, ಕೈಯಲ್ಲಿ ಅರ್ಧ ಕುಡಿದ ಎಳನೀರು. ಅವರ ಹಿಂದೆ ಸೆಕ್ರೆಟರಿಯವರು, ಅವರ ಕೈಯಲ್ಲೂ ಒಂದು. ನಮ್ಮ ಮುಖಗಳನ್ನು ನೋಡಿ ಅಣ್ಣ ಗಾಬರಿಯಿಂದ ಕೇಳಿದರು:

"ಯಾರಾದ್ರೂ ಬಿದ್ರಾ?"

ಗುಂಡಿ ಒತ್ತಿ ಫೋನನ್ನು ಮಟ್ಟೆಗೆ ಸಿಕ್ಕಿಸಿ, ಅಲ್ಲೇ ಮರೆತು ಇಳಿದಿದ್ದರು. "ಮರೆತ್ನಲ್ಲೇ," ಎಂದು ಅಕ್ಕನ ಮುಂದೆ ತಲೆ ಕೆರೆದುಕೊಂಡರು. "ಮುಗಿದದ್ದು ಅಂತ ಬರ್ಕಬೋದೇನಪ್ಪ?" ಎಂದು ಸೆಕ್ರೆಟರಿಯವರು ಲೀಡ್ ಅವರನ್ನು ಕೇಳಿದರು. ಲೀಡ್ ಪುಸ್ತಕ ಮುಚ್ಚಿದರು.

ಫೋನ್ ತರಲು ಅಣ್ಣ ಮತ್ತೆ ಹತ್ತಿದರು. ಈ ಸಲ ಹೇಳುವವರಿಲ್ಲ, ಅಕ್ಕ ಬುಡದಲ್ಲೇ ನಿಂತು ಕಣ್ಣು ಮಿಟುಕಿಸದೆ ನೋಡಿದರು. ಇಳಿದು ಬಂದ ಅಣ್ಣ, ಹೆಂಡತಿಯ ಎದುರಿಗೇ ನಿಂತು, ಶಿಸ್ತಾಗಿ ಗುಂಡಿ ಒತ್ತಿದರು. ಅಕ್ಕನ ಫೋನು ಬಡಿಯಿತು. ಎರಡಡಿ ದೂರದಲ್ಲಿ ಗಂಡ ನಿಂತಿರುವಾಗ ಅಕ್ಕ ಫೋನನ್ನು ಕಿವಿಗಿಟ್ಟು, "ಇಳಿದರು" ಎಂಬುದನ್ನು ಪೂರ್ತಿ ಕೇಳಿಸಿಕೊಂಡು, "ಹೂಂ ಕಣವ್ವ," ಎಂದರು.

ಸೆಕ್ರೆಟರಿಯವರು ನಕ್ಕುಬಿಟ್ಟರು, ಲೀಡೂ ನಕ್ಕರು, ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕರು. ಅಕ್ಕ ನಗಲಿಲ್ಲ. ಫೋನನ್ನು ಸೆರಗಿನಿಂದ ಒರೆಸಿ, ನನ್ನ ಹತ್ತಿರ ಬಂದು ಮೊಣಕೈ ಹಿಡಿದುಕೊಂಡರು.

"ಇದ್ರೊಳಗೆ ಮಾತಾಡೋಳು ನೀನೇ ಅಲ್ವೇನವ್ವ? ಇಳಿದ ಮ್ಯಾಲೆ ಹೇಳ್ತೀಯ, ಸರಿ. ಬೀಳಾಕೆ ಮುಂಚೆ ಒಂದ್ ಮಾತು ಹೇಳ್ಬುಡವ್ವ."