ಬುಡು ಎಂಬ ಗುಂಡಿ

ನನ್ನದೂ ನನ್ನ ಹೆಂಡತಿಯದೂ ಒಂದೇ ಕಸುಬು ಎಂದರೆ ನೀವು ನಂಬುವುದಿಲ್ಲ. ಅವಳು ಗುಂಡಿ ಹೊಲಿಯುತ್ತಾಳೆ, ನಾನು ಗುಂಡಿ ಕೊರೆಯುತ್ತೇನೆ. ನಾಗರತ್ನ ಮನೆಯಲ್ಲೇ ಕೂತು ಅರ್ಧ ಚಾಮರಾಜನಗರದ ರವಿಕೆ ಹೊಲಿಯುವವಳು. ನಾನು ಬದನಗುಪ್ಪೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪಿನ್‌ಬಾಲ್ ಯಂತ್ರಗಳಿಗೆ ಆಟದ ಹಲಗೆ ತಯಾರಿಸುವವನು. (ಇಳಿಜಾರು ಹಲಗೆ, ಅದರ ಮೇಲೊಂದು ಉಕ್ಕಿನ ಗುಂಡು, ಕೆಳಗೆ ಎರಡು ರೆಕ್ಕೆ. ಗುಂಡು ಜಾರಿಹೋಗದಂತೆ ರೆಕ್ಕೆಯಿಂದ ಹೊಡೆಯುತ್ತಲೇ ಇರಬೇಕು. ಸಂಸಾರವೂ ಹೆಚ್ಚುಕಡಿಮೆ ಇಷ್ಟೇ.)

ಮೂರು ತಿಂಗಳಿಂದ ಅವಳದು ಒಂದೇ ರಾಗ. ಬಸ್ ಸ್ಟ್ಯಾಂಡಿನ ಪಕ್ಕ ಸಿದ್ದಮಲ್ಲಪ್ಪನವರ ಮಳಿಗೆ ಖಾಲಿ ಇದೆ, ಅಲ್ಲಿ ಸ್ವಂತ ಅಂಗಡಿ ಇಡಬೇಕು. ಅವಳು ಕೇಳಿದಾಗಲೆಲ್ಲ ನಾನು "ಬುಡು" ಎನ್ನುತ್ತಿದ್ದೆ. 'ಬಿಡು' ಎನ್ನುವ ನಮ್ಮ ಕಡೆಯ ಈ ಮಾತು ಸರ್ವರೋಗಕ್ಕೂ ಮದ್ದು. ಬೇಡ ಎಂದು ಜಗಳ ತೆಗೆಯುವ ಕಷ್ಟವಿಲ್ಲ, ಆಗಲಿ ಎಂದು ಸಿಕ್ಕಿಬೀಳುವ ಭಯವೂ ಇಲ್ಲ. ಕೊನೆಗೆ ಸಿದ್ದಮಲ್ಲಪ್ಪನವರೇ ಬೇಸತ್ತು, ಭಾನುವಾರದೊಳಗೆ ಹೇಳದಿದ್ದರೆ ಮೊಬೈಲ್ ಅಂಗಡಿಯವನಿಗೆ ಕೊಡುತ್ತೇನೆ ಎಂದರು.

ಇಂಥ ಮಹಾಶೂರನಿಗೆ ಕಾರ್ಖಾನೆಯ ಯಜಮಾನರು ವಹಿಸಿದ ಕೆಲಸ ಕೇಳಿ. ಆಡುವವನ ಎದೆ ಡವಡವ ಎನ್ನುವಂಥ ಹೊಸ ಜಾಗವೊಂದನ್ನು ಹಲಗೆಯಲ್ಲಿ ಮಾಡಬೇಕು, ಅದೂ ಸೋಮವಾರದೊಳಗೆ. ಮೂರು ವಾರ ತಿಣುಕಿ ಮಾಡಿದ ಹಲಗೆಯನ್ನು ಶನಿವಾರ ಸಂಜೆ ಮನೆಗೇ ಹೊತ್ತು ತಂದೆ. ನಡುವೆ ಒಂದು ಕುಳಿ. ಗುಂಡು ಅಲ್ಲಿ ಬಂದು ನಿಲ್ಲುತ್ತದೆ. ಪಕ್ಕದಲ್ಲಿ ಒತ್ತುವ ಎರಡು ಗುಂಡಿ. 'ಸಾಕು' ಒತ್ತಿದರೆ ಗಳಿಸಿದ ಅಂಕ ಭದ್ರ. 'ಬುಡು' ಒತ್ತಿದರೆ ಗುಂಡು ಎದುರಿನ ದಿಬ್ಬಕ್ಕೆ ಚಿಮ್ಮುತ್ತದೆ. ಹತ್ತಿದರೆ ಮೂರು ಪಟ್ಟು, ಜಾರಿದರೆ ಆಟವೇ ಮುಗಿಯಿತು.

ನಾಗರತ್ನ ಸೂಜಿ ಕೆಳಗಿಟ್ಟು ನೋಡಿದಳು. "ಬುಡು ಅಂದ್ರೆ ಬ್ಯಾಡ ಅಂತಲ್ವಾ?"

"ಈ ಹಲಗೆ ಮ್ಯಾಲೆ ಬುಡು ಅಂದ್ರೆ ಧೈರ್ಯ ಮಾಡು ಅಂತ ಕಣಮ್ಮಿ," ಎಂದೆ, ಪಂಡಿತನ ಗತ್ತಿನಲ್ಲಿ. ಹಾಗಾದರೆ ಜನಕ್ಕೆ ತಿಳಿಯುವಂತೆ ಬರೆದು ಅಂಟಿಸಿ ಎಂದಳು. 'ಬುಡು = ಧೈರ್ಯ ಮಾಡು, ಮುಂದೆ ಹೋಗು' ಎಂದು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು, ಕರ್ತೃವಿನ ಹೆಮ್ಮೆಯಿಂದ ಕೆಳಗೆ ರುಜುವನ್ನೂ ಹಾಕಿದೆ.

ಆದರೆ ಆಡಲು ಕೂತವಳು ಪ್ರತಿ ಸಲವೂ ಒತ್ತಿದ್ದು 'ಸಾಕು'. ಕಾರ್ಖಾನೆಯಲ್ಲೂ ಎಲ್ಲರೂ ಅದನ್ನೇ ಒತ್ತಿದ್ದರು. ನನಗೆ ರೇಗಿತು. ಯಾಕೆ ಎಂದು ಕೇಳಿದೆ.

"ಬಿದ್ರೆ ಎಲ್ಲಾ ಓಯ್ತದೆ ಅಂದ್ರೆ ಯಾರ್ ಬುಟ್ಟಾರು?" ಎಂದಳು. "ಗುಂಡ್ಲುಪೇಟೆಗೆ ತವರಿಗೆ ಓದಾಗ ನಮ್ಮವ್ವ ಯಾವತ್ತಾದ್ರೂ ಬರಿಗೈಲಿ ಕಳ್ಸವ್ಳಾ? ಬಡವಿಯಾದ್ರೂ ಮಡಿಲಿಗೆ ಅಕ್ಕಿ ಸುರ್ದೇ ಕಳ್ಸೋದು. ನಿಮ್ಮ ಗುಂಡಿಗೂ ಒಂದು ಮಡಿಲು ಮಾಡಿ."

ಮೂರು ವಾರ ನನಗೆ ಹೊಳೆಯದ್ದು ಅವಳಿಗೆ ಅರ್ಧ ಗಂಟೆಯಲ್ಲಿ ಹೊಳೆದಿತ್ತು.

ಭಾನುವಾರ ಬೆಳಿಗ್ಗೆ ದಿಬ್ಬದ ಬುಡದಲ್ಲಿ ತೂತು ಕೊರೆದೆ. ಅವಳು ರವಿಕೆಯ ಕಣದ ತುಂಡಿನಿಂದ ಪುಟ್ಟ ಜೋಳಿಗೆ ಹೊಲಿದು ಅದಕ್ಕೆ ಕಟ್ಟಿದಳು. ಈಗ ಜಾರಿದರೆ ಅಂಕ ಹೋದರೂ ಗುಂಡು ಆ ಮಡಿಲಿಗೆ ಬಿದ್ದು ಮತ್ತೆ ಆಟಕ್ಕೆ ಬರುತ್ತದೆ. ನಾಗರತ್ನ ಮೊದಲ ಸಲ 'ಬುಡು' ಒತ್ತಿದಳು. ಗುಂಡು ಅರ್ಧ ದಿಬ್ಬ ಹತ್ತಿ, ಜಾರಿ, ಮಡಿಲಿಗೆ ಬಿದ್ದು ಹೊರಗೆ ಬಂತು. ಅವಳು ಬಾಯಿ ತುಂಬ ನಕ್ಕಳು. ಆ ನಗು ಕೇಳಿ ಎಷ್ಟೋ ದಿನವಾಗಿತ್ತು, ನನಗೆ ತುಂಬಾ ಸಂತೋಷವಾಯಿತು.

ಆಗ ಅವಳು ಸೆರಗಿನ ತುದಿಯಿಂದ ಒಂದು ಬೀಗದಕೈ ಬಿಚ್ಚಿ ಹಲಗೆಯ ಮೇಲಿಟ್ಟಳು. ನಾನು ತೂತು ಕೊರೆಯುವ ಸದ್ದಿನಲ್ಲಿ ಮುಳುಗಿದ್ದಾಗ ಸಿದ್ದಮಲ್ಲಪ್ಪನವರು ಬಂದು, ನಿಮ್ಮ ಮನೆಯವರು ಏನೆಂದರು ಎಂದು ಬಾಗಿಲಲ್ಲೇ ಕೇಳಿದರಂತೆ.

"ಬುಡು ಅಂದವ್ರೆ ಅಂದೆ. ಅಂಗಂದ್ರೇನು ಅಂದ್ರು. ನಿಮ್ಮ ರಟ್ಟು ತೋರ್ಸ್ದೆ, ರುಜು ಇತ್ತಲ್ಲ. ಬೀಗದಕೈ ಕೊಟ್ಬುಟ್ಟು ಓದ್ರು."

ಅಂಗಡಿ ನಡೆಯದಿದ್ದರೆ ಎಂದು ತೊದಲಿದೆ.

ಅವಳು ಆ ಪುಟ್ಟ ಜೋಳಿಗೆಯ ಮೇಲೆ ಬೆರಳಿಟ್ಟಳು. "ನೀವಿದ್ದೀರಲ್ಲ."

ಮೂರು ತಿಂಗಳು ಬುಡು ಬುಡು ಎಂದ ಗಂಡನನ್ನು ಒಬ್ಬಳು ಇಷ್ಟು ನಂಬಿದ್ದಾಳಲ್ಲ ಎಂದು ಕಣ್ಣು ತುಂಬಿತು. (ಮರದ ಪುಡಿ ಬಿತ್ತು ಎಂದು ಅವಳಿಗೆ ಹೇಳಿದೆ.)

ಸೋಮವಾರ ಯಜಮಾನರು ಆರು ಸಲ 'ಬುಡು' ಒತ್ತಿ, ಆರು ಸಲವೂ ಜಾರಿ, ಊಟವನ್ನೇ ಮರೆತರು. ಹಲಗೆ ಪಾಸಾಯಿತು.

ಅಂಗಡಿ ತೆರೆದ ದಿನ ಸಂಜೆ, ಮೊದಲ ಗಿರಾಕಿ ನಾನೇ ಆಗೋಣವೆಂದು ಹೋದರೆ ಕಾಲಿಡಲು ಜಾಗವಿಲ್ಲ. ಹೆಂಗಸರ ಸಂದಿಯಿಂದ ಕತ್ತು ಚಾಚಿ, ನನ್ನ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂದೆ. ಅವಳು ತಲೆ ಎತ್ತದೆ ಹೇಳಿದಳು: "ಬುಡಿ."

ಬೇಡ ಎಂದಳೋ, ಅಂಗಿ ಬಿಟ್ಟು ಹೋಗಿ ಎಂದಳೋ ತಿಳಿಯಲಿಲ್ಲ. ರಟ್ಟಿನ ಮೇಲೆ ನಾನೇ ಬರೆದ ಅರ್ಥ ನೆನಪಾಯಿತು. ಧೈರ್ಯ ಮಾಡಿ ಅಂಗಿ ಬಿಚ್ಚಿ ಮೇಜಿನ ಮೇಲಿಟ್ಟು, ಇಡೀ ಬಸ್ ಸ್ಟ್ಯಾಂಡ್ ನೋಡುತ್ತಿರುವಂತೆ ಬನಿಯನ್ನಿನಲ್ಲೇ ಮನೆಗೆ ನಡೆದೆ.